ಹಿಪ್ಪುನೇರಳೆಯ ಬುಡಕ್ಕೆ ಹಾಕಿದ ಉಪ್ಪು

ಆ ಹಿಪ್ಪುನೇರಳೆ ಗಿಡವನ್ನು ಕೊಂದದ್ದು ನಾನು, ರೂಪಾ. ನಿನ್ನ ಹೆತ್ತ ತಾಯಿ. ನಿನ್ನ ಮೈಲಿಗೆಯಲ್ಲ — ನಾನು ಸುರಿದ ಎರಡು ಬೊಗಸೆ ಕಲ್ಲುಪ್ಪು. ಐದು ವರ್ಷ ಇದನ್ನು ನುಂಗಿಕೊಂಡು ನಿನ್ನ ಮುಖ ನೋಡಿದ್ದೇನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ತರೀಕೆರೆಯ ನರ್ಸರಿಯಿಂದ ನೀನೇ ಆರಿಸಿ ತಂದ ಹೈಬ್ರಿಡ್ ಗಿಡ. ಬೆರಳುದ್ದದ ಹಣ್ಣು ಬಿಡುತ್ತದೆಂದು ನೀನು ಹಿತ್ತಲಲ್ಲಿ ನೆಟ್ಟು, ಪಾತಿ ಕಟ್ಟಿ, ದಿನಾ ಅದರ ಮುಂದೆ ಕೂತು ಚಿಗುರೆಣಿಸುತ್ತಿದ್ದೆ. ಕಾಯಿ ಕಚ್ಚಿತು, ಕಚ್ಚಿದ್ದೆಲ್ಲ ಉದುರತೊಡಗಿತು. ನಾನು ಪಂಚನಹಳ್ಳಿಯ ತೆಂಗಿನ ತೋಟದವರ ಮಗಳು — ಕಾಯಿ ಉದುರಿದರೆ ಬುಡಕ್ಕೆ ಉಪ್ಪು ಹಾಕುವುದನ್ನು ನೋಡಿ ಬೆಳೆದವಳು. ತೆಂಗಿಗೆ ಒಗ್ಗಿದ್ದು ಇದಕ್ಕೂ ಒಗ್ಗೀತೆಂದು, ನೀನು ಶಾಲೆಗೆ ಹೋಗಿದ್ದಾಗ ಹಾಕಿ, ಮೇಲೊಂದು ಕೊಡ ನೀರು ಹುಯ್ದೆ. ಒಳ್ಳೆಯದಕ್ಕೇ ಹಾಕಿದೆ — ಅದನ್ನು ನೆಪವಾಗಿ ಹೇಳುತ್ತಿಲ್ಲ. ವಾರದೊಳಗೆ ಎಲೆಯಂಚು ಸುಟ್ಟಿತು, ಗಿಡ ಒಣಗಿ ಕಡ್ಡಿಯಾಯಿತು.

ನಿನ್ನ ಅಜ್ಜಿ, ನಮ್ಮತ್ತೆ, ನೋಡಿದ ಕೂಡಲೇ ತೀರ್ಪು ಕೊಟ್ಟರು: ಹುಡುಗಿ ಮುಟ್ಟಾದ ದಿನ ಗಿಡದ ಹತ್ತಿರ ಹೋಗಿದ್ದಾಳೆ, ಕೈ ಸೋಕಿಸಿದ್ದಾಳೆ. ಹದಿನಾಲ್ಕು ವರ್ಷದ ನೀನು ಓಡಿ ಬಂದು ನನ್ನ ಸೆರಗು ಹಿಡಿದೆ.

“ನಾನ್ ಮುಟ್ಟಿಲ್ಲ ಕಣಮ್ಮ. ನೀನಾದ್ರೂ ಹೇಳು.”

“ಸುಮ್ನಿರೇ. ಮರ್ತು ಮುಟ್ಟಿರ್ತೀಯ.”

ಇಷ್ಟೇ ಅಂದೆ. ಅತ್ತೆಯ ಬಾಯಿಗೆ ಹೆದರಿ — ತವರಿನ ಬುದ್ಧಿ ತಂದು ಗಿಡ ಸುಟ್ಟಳು ಅಂದಾರೆಂಬ ಒಂದು ಮಾತಿಗೆ ಹೆದರಿ — ಮಗಳನ್ನು ಮುಂದೆ ತಳ್ಳಿದೆ. ಥೂ! ನನ್ನನ್ನೂ ಮುಟ್ಟಿನ ಆ ಮೂರು ದಿನ ಮೂಲೆಯಲ್ಲಿ ಕೂರಿಸಿದ್ದರು, ತಟ್ಟೆ ಲೋಟ ಬೇರೆ ಇಟ್ಟಿದ್ದರು. ಅದರ ಉರಿ ಗೊತ್ತಿದ್ದೂ, ಗೊತ್ತಿದ್ದೂ...

ಅಂದಿನಿಂದ ನೀನು ಹಿತ್ತಲಿಗೆ ಕಾಲಿಡಲಿಲ್ಲ. ತೋಟಗಾರಿಕೆ ಓದುತ್ತೇನೆಂದು ಕುಣಿಯುತ್ತಿದ್ದವಳು, ಪಿಯುಸಿ ಮುಗಿದ ಮೇಲೆ ಅಪ್ಪ ತಂದ ಫಾರಂ ತುಂಬಲೇ ಇಲ್ಲ. “ನನ್ನ ಕೈ ಗಿಡಕ್ಕೆ ಆಗಿಬರಲ್ಲ” ಅಂದುಬಿಟ್ಟೆ ನೀನು. ಆಗಲೂ ನಾನು ಒಲೆ ಕಡೆ ತಿರುಗಿ ಸಾರು ಕೈಯಾಡಿಸುತ್ತಿದ್ದೆ.

ಮೊನ್ನೆ ನಿನ್ನ ತಂಗಿ ಮುಟ್ಟಾಗಿದ್ದಳು. ಮೆಣಸಿನ ಸಸಿಗೆ ನೀರು ಹಾಕಲು ಹೊರಟವಳ ಕೈಯಿಂದ ನೀನು ಚೊಂಬು ಕಿತ್ತುಕೊಂಡೆ.

“ಬ್ಯಾಡ ಕಣೇ, ಸತ್ತೋಗುತ್ತೆ. ನಾನೊಂದು ಸಾಯ್ಸಿದೀನಿ.”

ನಾನು ಅಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ — ಇಂಥ ತಾಯಿಗೆ ಏನನ್ನಬೇಕೋ!

ನಾಲಿಗೆ ತೊದಲಬಾರದೆಂದು ಇದನ್ನು ಬರೆದುಕೊಂಡಿದ್ದೇನೆ. ಇವತ್ತು ಊಟಕ್ಕೆ ಎಲ್ಲರೂ ಕೂತಾಗ, ಅತ್ತೆಯ ಎದುರಿಗೇ ಓದುತ್ತೇನೆ. ನೀನು ಎದ್ದು ಹೋದರೆ ತಡೆಯುವುದಿಲ್ಲ, ಕ್ಷಮಿಸು ಅಂತಲೂ ಕೇಳುವುದಿಲ್ಲ. ನಿನ್ನ ತಂಗಿ ಮಾತ್ರ ಕೂತು ಪೂರ್ತಿ ಕೇಳಲಿ.