ಸಾರಿನ ಪುಡಿ ಎಂಬ ಫೈಲು

ಮನುಷ್ಯನಿಗೆ ಗುಟ್ಟು ಬೇಕೇ, ಬೇಡವೇ ಎಂಬ ವಿಷಯದ ಮೇಲೆ ನಾನು ಚರ್ಚಾಸ್ಪರ್ಧೆಗಳಲ್ಲಿ ಎರಡು ಸಲ ಮಾತಾಡಿದ್ದೇನೆ. ಒಮ್ಮೆ ಬೇಕು ಅಂದೆ, ಒಮ್ಮೆ ಬೇಡ ಅಂದೆ. ಎರಡೂ ಸಲ ಸ್ಟೀಲಿನ ತಾಟು ಬಹುಮಾನ ಬಂತು. ಅವು ನಮ್ಮ ಅಡಿಗೆಮನೆಯಲ್ಲಿ ಜಗಳವಿಲ್ಲದೆ ಒಂದರ ಮೇಲೊಂದು ಕೂತಿವೆ. ನನ್ನ ಖರೇ ಅಭಿಪ್ರಾಯ ಯಾವುದೆಂದು ನನಗೇ ತಿಳಿದದ್ದು ಮನೆಯ ಕಂಪ್ಯೂಟರ್ ಕೆಟ್ಟಾಗ.

ಅದು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯ ಆಫೀಸಿನವರು ಹೊಸದು ತಂದು ತೆಗೆದುಹಾಕಿದ್ದು. ಅಲ್ಲಿ ಕಾರಕೂನರಾಗಿರುವ ಅಪ್ಪ ಅದನ್ನು ಖಾನಾಪುರದ ನಮ್ಮ ಮನೆಗೆ ತಂದರು. ಅವ್ವ ಅದಕ್ಕೊಂದು ಕಸೂತಿ ಹೊದಿಕೆ ಹಾಕಿ ದೇವರ ಮಾಡದ ಬಾಜೂಕೇ ಇಟ್ಟಳು. ದೇವರನ್ನು ನಂಬದ ನಾನು ಎದ್ದ ಕೂಡಲೇ ಹೋಗಿ ಕೂರುತ್ತಿದ್ದದ್ದು ಅದರ ಮುಂದೆ. ನೋಡಿದವರಿಗೆ ದೊಡ್ಡ ಭಕ್ತೆ.

ಅದು ಕೆಡುವ ಹಿಂದಿನ ದಿನ ನಂದಗಡದಿಂದ ಒಬ್ಬ ವರ ನನ್ನನ್ನು ನೋಡಲು ಬಂದಿದ್ದ. ಮುಂದಿನ ರವಿವಾರ ಹೂಂ ಅಥವಾ ಉಹೂಂ ಹೇಳಿ ಕಳಿಸಬೇಕು. ಚರ್ಚೆಯಲ್ಲಿ ಪಳಗಿದವಳು ಏನು ಮಾಡುತ್ತಾಳೆ? ಪರ ಒಂದು ಕಡೆ, ವಿರೋಧ ಒಂದು ಕಡೆ ಟೈಪು ಮಾಡಿದೆ. ವಿರೋಧ: ಚಹಾ ಕುಡಿಯುವಾಗ ಹ್ಯಾಂಡ್‌ಪಂಪಿನ ಸಪ್ಪಳ. "ಲಗ್ನಾದ ಮ್ಯಾಲೂ ನೌಕರಿ ಮಾಡಾಕ ನಮ್ಮದೇನ ಅಭ್ಯಂತರ ಇಲ್ಲ" ಎಂದು, ನಾನು ಅರ್ಜಿಯೇ ಹಾಕಿರದ ಪರವಾನಿಗೆಯನ್ನು ಕೊಟ್ಟದ್ದು. ಪರದಲ್ಲಿ ಒಂದೇ ಸಾಲು. ಅವನ ಸೋದರಮಾವ ನನಗೆ ಹಾಡಲು ಹೇಳಿದಾಗ ಆತ, "ಮಾವಾ, ಮೊದಲ ನನಗ ಹಾಡಾಕ ಹೇಳ, ಆಮ್ಯಾಲ ಅವರಿಗೆ" ಅಂದಿದ್ದ. ಗಂಡಸರು ಯಾರೂ ತೆರೆಯಬಾರದೆಂದು ಫೈಲಿಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಸಾರಿನ ಪುಡಿ' ಎಂದು ಹೆಸರಿಟ್ಟೆ. ಮರುದಿನ ಕಂಪ್ಯೂಟರ್ ಒಮ್ಮೆ ಉದ್ದಕ್ಕೆ ಕೂಗಿ ಬಾಯಿ ಮುಚ್ಚಿತು.

ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಕಟ್ಟಿ, ಅಪ್ಪನೂ ನಾನೂ ಬಸ್ಸು ಹತ್ತಿ ಬೆಳಗಾವಿಯ ಕ್ಯಾಂಪಿನ ಅಂಗಡಿಗೆ ಒಯ್ದೆವು. ರಿಪೇರಿಯ ಬಸವರಾಜ ಸ್ಕ್ರೂ ಬಿಚ್ಚುವ ಮೊದಲು ನಮ್ಮನ್ನು ಬಿಚ್ಚಿದ.

"ಯಾವೂರ್ರಿ? ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರಿಸದೆ ಒಂದು ಕೊಡೆಯೂ ರಿಪೇರಿಯಾಗುವುದಿಲ್ಲ. ಅಪ್ಪ ಐದು ನಿಮಿಷದಲ್ಲಿ ನಮ್ಮ ಊರು, ಬಳಗ, ನನ್ನ ಡಿಗ್ರಿ, ನಂದಗಡದ ವರ ಬಂದುಹೋದದ್ದು, ರವಿವಾರದ ಗಡುವು ಎಲ್ಲ ಹೇಳಿದರು. ಬಸವರಾಜನ ಮುಖ ಅರಳಿತು.

"ಅಯ್ಯ, ಅಂವಾ ನಮ್ಮ ಹೆಂಡತಿ ಕಾಕಾನ ಮಗ! ಚಿಂತಿ ಬಿಡ್ರಿ ಮಾವಾರ, ಇದು ಮನೀ ಕೆಲಸ. ಎಲ್ಲಾ ಫೈಲ್ ತೆಗದು ನೋಡಿ ಫ್ಲಾಪಿಗೆ ಹಾಕಿ ಕೊಡ್ತೇನಿ. ಗುರುವಾರ ಬರ್ರಿ."

ತೆಗೆದು ನೋಡಿ! ವಾಪಸು ಬರುವ ದಾರಿಯಲ್ಲಿ ಅಪ್ಪನ ಮೇಲೆ ಹರಿಹಾಯ್ದೆ.

"ಒಳಗ ನೋಡದ ಹ್ಯಾಂಗ ರಿಪೇರಿ ಮಾಡ್ತಾನವಾ? ಡಾಕ್ಟರಗ ನಾಲಿಗಿ ತೋರಸೂದಿಲ್ಲೇನು?"

"ನಾಲಿಗಿ ತೋರಸ್ತೇನಿ. ಅದು ಏನೇನ ಮಾತಾಡೇತಿ ಅಂತ ತೋರಸೂದಿಲ್ಲ."

ಈ ಉತ್ತರಕ್ಕೆ ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಅಪ್ಪ ಕಿಟಕಿ ಕಡೆ ಮುಖ ಮಾಡಿ ನಿದ್ದೆ ಹೋದರು.

ಮೂರು ದಿನ ನಾನು ಕಂಡ ಚಿತ್ರ ಒಂದೇ: ಬಸವರಾಜನ ಹೆಂಡತಿ ಹ್ಯಾಂಡ್‌ಪಂಪಿನ ಸಾಲನ್ನು ನಂದಗಡದ ತವರಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಾಳೆ, ವರ ಕಪ್ಪು ಹಿಡಿದುಕೊಂಡು ಹಾಗೇ ಕೂತಿದ್ದಾನೆ. ವಿಚಿತ್ರವೆಂದರೆ ಮರ್ಯಾದೆ ಹೋದೀತೆಂಬ ಅಂಜಿಕೆಗಿಂತ, ಅವರ ಕಡೆಯಿಂದಲೇ ಉಹೂಂ ಬಂದೀತೆಂಬ ಅಂಜಿಕೆ ದೊಡ್ಡದಾಗಿತ್ತು. ಪರದ ಒಂದು ಸಾಲು ವಿರೋಧದ ಎಲ್ಲ ಸಾಲುಗಳಿಗಿಂತ ತೂಕದ್ದೆಂದು ಆಗ ಗೊತ್ತಾಯಿತು.

ಗುರುವಾರ ಬಸವರಾಜ ತಲೆ ತಗ್ಗಿಸಿ ನಿಂತಿದ್ದ.

"ಎಲ್ಲಾ ಉಳದಾವ್ರಿ ಅಕ್ಕಾರ. ಆದ್ರ ಸಾರಿನ ಪುಡಿ ಕೆಟ್ಟೈತಿ."

ತನ್ನ ಪರದೆಯ ಮೇಲೆ ತೋರಿಸಿದ. ತುಂಬ ಚುಕ್ಕೆ, ಕೊಂಡಿ, ಡಾಲರಿನ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ. ಹೆಸರು ಇಂಗ್ಲಿಷಿನಲ್ಲಿದ್ದರೂ ಒಳಗೆ ನಾನು ಬರೆದದ್ದು ಕನ್ನಡದಲ್ಲಿ. ಆ ಕನ್ನಡದ ಫಾಂಟು ಅವನ ಕಂಪ್ಯೂಟರಿನಲ್ಲಿ ಇರಲಿಲ್ಲ. ಇಷ್ಟೇ ಕಾರಣ. ಕಂಪ್ಯೂಟರಿನಲ್ಲಿ ಕನ್ನಡದ ದುರ್ಗತಿಯನ್ನು ಖಂಡಿಸಿ ವೇದಿಕೆಗಳಲ್ಲಿ ಮೇಜು ಗುದ್ದಿದವಳು ಅಂದು ಆ ದುರ್ಗತಿಗೆ ಮನಸ್ಸಿನಲ್ಲೇ ಕೈಮುಗಿದೆ.

"ನಮ್ಮಾಕಿ ಪುಡಿ ಮಾಡೂದು ಹ್ಯಾಂಗಂತ ಬರಕೊಂಡು ಬಾ ಅಂದಿದ್ಲ್ರಿ," ಎಂದು ಅವನು ಪೇಚಾಡಿದ.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಪ್ಪ ಮೆಲ್ಲಗೆ ಕೇಳಿದರು, "ಒಲಿ ಹಚ್ಚಾಕ ಬರದಾಕಿ, ಸಾರಿನ ಪುಡಿ ಯಾವಾಗ ಕಲತಿ? ಅದರಾಗ ಏನೇನ ಹಾಕೀದಿ?"

ಹೇಳಿಬಿಟ್ಟೆ. ಮೂರು ದಿನ ಯಾರೂ ಓದದಿರಲಿ ಎಂದು ಒದ್ದಾಡಿದವಳು, ಚಹಾದ ಸಪ್ಪಳದಿಂದ ಹಾಡಿನ ಮಾತಿನವರೆಗೆ ಒಂದೂ ಬಿಡದೆ. ಖಾನಾಪುರದ ಬಸ್ಸಿನ ಎಂಜಿನ್ನಿನ ಮೇಲೆ ಕೇಳಿಸುವಂತೆ ಹೇಳುವುದೆಂದರೆ ಭಾಷಣವೇ. ಹಿಂದಿನ ಸೀಟಿನಿಂದ ಯಾರದೋ ನಗು ಬಂತು. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ ನೋಡದೆಯೇ ತೀರ್ಪು ಕೊಟ್ಟಳು:

"ಸಪ್ಪಳ ಬಿಡಸಬೌದು ಯವ್ವಾ. ಮೊದಲ ನನಗ ಹಾಡಾಕ ಹೇಳ ಅನ್ನೂದು ಕಲಸಾಕ ಬರೂದಿಲ್ಲ."

ಅಪ್ಪ ಡಬ್ಬಿಯ ಚಾದರದ ಗಂಟನ್ನು ಬಿಗಿಮಾಡಿದರು.

ಗುಟ್ಟು ಬೇಕು. ಆದರೆ ಅದು ಯಾರಿಗೂ ಹೇಳದಿರಲಿಕ್ಕಲ್ಲ; ಹೇಳುವ ಬಾಯಿ ನನ್ನದೇ ಆಗಿರಲಿಕ್ಕೆ. ಈ ಮಾತಿಗೆ ಇನ್ನೂ ಯಾರೂ ತಾಟು ಕೊಟ್ಟಿಲ್ಲ.

ಆ ಫ್ಲಾಪಿ ಈಗ ನಂದಗಡದ ಮನೆಯ ಕಪಾಟಿನಲ್ಲಿದೆ. ಮೇಲೆ 'ಸಾರಿನ ಪುಡಿ' ಎಂದು ಚೀಟಿ ಅಂಟಿಸಿದ್ದೇನೆ. ನಮ್ಮವರು ಆಗಾಗ ಅದನ್ನು ಕೈಗೆತ್ತಿಕೊಂಡು, "ಇದರಾಗಿನ ಪುಡಿ ಒಮ್ಮಿ ಮಾಡ ನೋಡೂಣು" ಅನ್ನುತ್ತಾರೆ. ಅಂದು, ಕಪ್ಪು ಬಾಯಿಗಿಟ್ಟು, ಬೇಕೆಂದೇ ಮನೆಯೆಲ್ಲ ಕೇಳುವಂತೆ ಚಹಾ ಎಳೆಯುತ್ತಾರೆ.