ಟವೆಲ್ಲಿನಡಿಯ ದರ

ನಿವೃತ್ತನಾದ ಮೇಲೂ ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀರಿ ಎಂದು ಹೆಂಡತಿ ರೇಗಿಸುತ್ತಾಳೆ. ಆದರೆ ಕಳೆದ ಭಾನುವಾರದಿಂದ ಇರುವ ಚಡಪಡಿಕೆಯೇ ಬೇರೆ. ಶಾಮನೂರಿನ ನಮ್ಮ ಮನೆಯ ಹಾಲ್‌ನಲ್ಲಿ ಅತ್ತಿಂದಿತ್ತ ತಿರುಗಿ ತಿರುಗಿ ಟೈಲ್ಸ್ ಸವೆಸಿದ್ದೇನೆ.

ನಾನು ದಾವಣಗೆರೆಯ ಹತ್ತಿ ವ್ಯಾಪಾರದ ಇತಿಹಾಸ ಬರೆದವನು. ಹರೆಯದಲ್ಲಿ ಅದಕ್ಕಾಗಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿದ್ದೆ. ಆಗಿನ ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲಿಯೂ ರೈತನೂ ಕೈ ಹಿಡಿದು, ಮೇಲೊಂದು ಟವೆಲ್ ಹೊದಿಸಿ, ಬೆರಳು ಒತ್ತಿ ಚೌಕಾಸಿ ಮಾಡುತ್ತಿದ್ದರು. ಪರಗಂಡಸಿನ ಕೈ ಹಿಡಿಯಲು ಯಾವ ಹೆಂಗಸು ಒಪ್ಪುತ್ತಾಳೆ? ಹಾಗಾಗಿ ಪುಸ್ತಕದಲ್ಲಿ ಬರೆದೆ: ‘ಹತ್ತಿ ಬಿಡಿಸಿದವಳು ಹೆಣ್ಣು; ದರ ಕುದುರುವಾಗ ಅವಳು ಅಲ್ಲಿರಲಿಲ್ಲ.’

ಈ ಒಂದು ವಾಕ್ಯ ನನಗೆ ಹೆಸರು ತಂದಿತು. ಅದನ್ನು ನನ್ನೆದುರಿಗೇ ಹೇಳಿ ಚಪ್ಪಾಳೆ ಗಿಟ್ಟಿಸಿದವರಿದ್ದಾರೆ. ನನ್ನ ಕೈಕೆಳಗೆ ಓದಿದವರು ಅದನ್ನೇ ಮೆಣಸಿನಕಾಯಿಗೆ, ಶೇಂಗಾಕ್ಕೆ, ಎಮ್ಮೆ ಸಂತೆಗೆ ಹಚ್ಚಿ ಡಾಕ್ಟರೇಟ್ ಪಡೆದರು. ನನ್ನ ಕೊನೆಯ ವಿದ್ಯಾರ್ಥಿನಿಯ ಪ್ರಬಂಧವಂತೂ ಪೂರ್ತಿ ಅದರ ಮೇಲೆಯೇ ನಿಂತಿದೆ. ಸಲ್ಲಿಸಲು ಇನ್ನು ಎರಡು ವಾರ. ಅವಳ ಅಪ್ಪ ಇಲ್ಲೇ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಗಳು ಡಾಕ್ಟರ್ ಆಗುತ್ತಾಳೆಂದು ಓಣಿಗೆಲ್ಲ ಸಾರಿಬಿಟ್ಟಿದ್ದಾನೆ.

ಭಾನುವಾರ ಅವಳ ಜೊತೆ ಹರಿಹರದಾಚೆಯ ಸಾರಥಿ ಎಂಬ ಹಳ್ಳಿಗೆ ಹೋದೆ. ಅವಳಿಗೆ ಬೇಕಿದ್ದದ್ದು ಒಂದು ಫೋಟೊ ಅಷ್ಟೆ, ಹಿಂದೆ ನಾನು ಮಾತಾಡಿಸಿದ್ದ ರೈತರೊಬ್ಬರ ಮನೆಯದು. ರೈತ ಈಗಿಲ್ಲ. ಅವರ ಹೆಂಡತಿ, ಎಂಬತ್ತು ದಾಟಿದ ಅಜ್ಜಿ, ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿ ಮಾತಿನ ನಡುವೆ ಟವೆಲ್ ವ್ಯಾಪಾರದ ವಿಷಯ ತೆಗೆದಳು.

“ನಮ್ಮ ಯಜಮಾನ್ರ ಬಲಗೈ ಟವೆಲ್ ಒಳಗೆ ಇರ್ತಿತ್ತು. ಎಡಗೈ ಬೆನ್ನ ಹಿಂದೆ, ನನ್ನ ಸೆರಗಿನೊಳಗೆ. ನಾನು ಗಾಡಿಗೆ ಒರಗಿ ನಿಂತಿರ್ತಿದ್ದೆ. ದಲಾಲಿ ಒತ್ತಿದ್ದನ್ನ ಅವರು ನಂಗೆ ಒತ್ತೋರು. ನಾನು ಚಿವುಟಿದ್ರೆ ಕೊಡಬೇಕು, ಇಲ್ಲಾಂದ್ರೆ ಇಲ್ಲ. ಅವರಿಗೆ ವ್ಯಾಪಾರ ಎಲ್ಲಿ ತಿಳೀತಿತ್ತವ್ವಾ?” ಎಂದರು ಅಜ್ಜಿ.

“ನೀವೊಬ್ಬರೇನಾ ಅಜ್ಜಿ?” ಎಂದಳು ಹುಡುಗಿ.

“ಯಾಕ, ಓಣಿ ಹೆಂಗಸರೆಲ್ಲ ಹಂಗೇ ನಿಲ್ಲೋರು. ಗಂಡಸ್ರ ಮರ್ಯಾದೆ ಹೋಗಬಾರ್ದು ಅಂತ ಹೊರಗೆ ಹೇಳ್ತಿರಲಿಲ್ಲ.”

“ನಾನು ಬಂದಾಗ ಯಜಮಾನರು ಇದನ್ನ ಹೇಳಲೇ ಇಲ್ಲವಲ್ಲಮ್ಮ” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು.

“ಅವರು ಹೆಂಗೆ ಹೇಳ್ತಾರ್ರೀ? ನೀವು ಇದೇ ಕಟ್ಟೆ ಮ್ಯಾಲೆ ಕುಂತಿದ್ರಿ. ಮಜ್ಜಿಗೆ ತಂದುಕೊಟ್ಟಾಕಿ ನಾನೇ. ಉಪ್ಪು ಕಮ್ಮಿ ಐತೆ ಅಂದ್ರಿ. ಅಷ್ಟೇ ನೋಡ್ರಿ ನಮ್ಮ ನಿಮ್ಮ ಮಾತು.”

ಮಜ್ಜಿಗೆ ನನಗೆ ನೆನಪಿತ್ತು, ತಂದವರ ಮುಖ ನೆನಪಿರಲಿಲ್ಲ. ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ಸುಮ್ಮನಿದ್ದ ಅಜ್ಜಿಗೆ ಈಗಲೇ ಹೇಳಬೇಕಿತ್ತೆ?

ವಾಪಸ್ ಬರುವಾಗ ಬಸ್ಸು ಹರಿಹರ ದಾಟುವವರೆಗೆ ಹುಡುಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಆಮೇಲೆ, “ಸರ್, ಒಂದು ಅಡಿಟಿಪ್ಪಣಿ ಹಾಕಿದ್ರೆ ಸಾಕಾ?” ಎಂದಳು. ಸಾಕು ಎಂದೆ. ಸಾಲದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಂದಿನಿಂದ ಈ ತಿರುಗಾಟ. ಪುಸ್ತಕ ಕಪಾಟಿನಲ್ಲಿ ಕಂಡರೆ ಆಗದೆ ಅದನ್ನು ಹಳೇ ಪೇಪರಿನ ಕೆಳಗಿಟ್ಟೆ. ಹೆಂಡತಿ ಒರೆಸಿ ಮತ್ತೆ ಕಪಾಟಿನಲ್ಲೇ ಇಟ್ಟಳು. ಇವತ್ತು ಬೆಳಿಗ್ಗೆ ತಡೆಯಲಾರದೆ ಹುಡುಗಿಗೆ ಫೋನ್ ಮಾಡಿದೆ. “ಅಡಿಟಿಪ್ಪಣಿ ಬೇಡ. ನಮ್ಮ ಮೇಷ್ಟ್ರು ತಪ್ಪು ಬರೆದರು ಅಂತ ಮೊದಲನೇ ಅಧ್ಯಾಯದಲ್ಲೇ ಬರಿ. ತಡವಾದರೆ ಆಗಲಿ. ನಿಮ್ಮಪ್ಪನಿಗೆ ನಾನು ಹೇಳ್ತೀನಿ.”

ಆ ಕಡೆ ಅವಳ ಹಿಂದೆ ಹೆಂಗಸರು ನಗುವುದು ಕೇಳಿಸಿತು.

“ಸರ್, ನಾನು ಸೋಮವಾರದಿಂದ ದಿನಾ ಸಾರಥಿಗೆ ಬರ್ತಾ ಇದೀನಿ. ಇದು ಎಂಟನೇ ಮನೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.”

“ಅಲ್ಲೇ ಇರು, ಈಗಲೇ ಬಸ್ ಹಿಡಿದು ಬರ್ತೀನಿ” ಎಂದೆ.

“ಬ್ಯಾಡ ಸರ್. ನೀವಿದ್ರೆ ಇವರು ಬಾಯಿ ಬಿಡಲ್ಲ.”

ನಾನು ಆಗಲೇ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯಾಗಿತ್ತು.