ಅಮರೇಶಪ್ಪನವರ ಕಿವಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಪ್ರಹ್ಲಾದರಾಯರು ಹೇಳುತ್ತಾರೆ. ಇರಲಿ ಬಿಡಿ. ಹೈದರಾಬಾದಿನ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ಗಂಡಸರ ನಡುವೆ ಹೆಣಗಿ ನಿವೃತ್ತಳಾದವಳಿಗೆ ಅದಿಷ್ಟಾದರೂ ಉಳಿದಿದೆಯಲ್ಲ. ಕಾರಿನ ವಿಷಯದಲ್ಲಿ ಮಾತ್ರ ನಾನು ಒಬ್ಬರ ಮಾತನ್ನು ಎದುರಾಡದೆ ಕೇಳುತ್ತಿದ್ದೆ. ಅವರು ಜೀಡಿಮೆಟ್ಲಾದ ಮಿಸ್ತ್ರಿ ಅಮರೇಶಪ್ಪ.

ಲಿಂಗಸೂಗೂರಿನ ಕಡೆಯವರು. ಮೀಸೆ ಮೂಡುವ ವಯಸ್ಸಿಗೇ ಹೈದರಾಬಾದಿಗೆ ಬಂದು ಯಾವುದೋ ಔಷಧ ಕಾರ್ಖಾನೆಯ ಜನರೇಟರ್ ಕೋಣೆಯಲ್ಲಿ ಫಿಟ್ಟರ್ ಆದರು. ಆ ಕಾರ್ಖಾನೆ ಮುಚ್ಚಿದ ಮೇಲೆ ಅದೇ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿ ಕಾರು, ವ್ಯಾನು ರಿಪೇರಿ ಶುರುಮಾಡಿದರು. ಅವರ ಹೆಸರು ನಿಂತದ್ದು ಕೈಯಿಂದಲ್ಲ, ಕಿವಿಯಿಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಇಂಥಲ್ಲಿ ಬೇರಿಂಗ್ ಹೋಗಿದೆ, ಇಂಥಲ್ಲಿ ಪಟ್ಟಿ ಸಡಿಲಾಗಿದೆ ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಕುಕಟ್‌ಪಲ್ಲಿ, ಬಾಲಾನಗರದಿಂದೆಲ್ಲ ಜನ ಗಾಡಿ ತರುತ್ತಿದ್ದರು.

ಆ ಕಿವಿ ಹೋಗಿತ್ತು. ಜನರೇಟರ್ ಕೋಣೆಯ ಗದ್ದಲ ಮೊದಲು ತಿಂದಿತ್ತು, ವಯಸ್ಸು ಉಳಿದದ್ದನ್ನು ತಿಂದಿತು. ಎಲುಬಿಗೆ ಒತ್ತಿದ ಕಬ್ಬಿಣದ ಅದುರು ತಿಳಿಯುತ್ತಿತ್ತೇ ಹೊರತು ಗಾಳಿಯಲ್ಲಿ ಬರುವ ಸದ್ದು ತಿಳಿಯುತ್ತಿರಲಿಲ್ಲ. ಇದು ಯಾರಿಗೂ ಗೊತ್ತಾಗದಂತೆ ನೋಡಿಕೊಂಡವರು ಅವರ ಹೆಂಡತಿ ಬಸಲಿಂಗಮ್ಮ.

ಊಟದ ಡಬ್ಬಿ ತರುವ ನೆಪದಲ್ಲಿ ಬೆಳಿಗ್ಗೆಯೇ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಕೈಯಲ್ಲಿ ಸೊಪ್ಪು ಸೋಸುವುದೋ ಅಕ್ಕಿ ಆರಿಸುವುದೋ ಏನಾದರೊಂದು ಕೆಲಸ. ಗಿರಾಕಿ ಬಂದು ಗಾಡಿ ಚಾಲೂ ಮಾಡಿದರೆ ಅಮರೇಶಪ್ಪ ಎಂಜಿನ್ನಿನ ಮೇಲೆ ಬಾಗುತ್ತಿದ್ದರು, ಆದರೆ ಕಣ್ಣು ಹೆಂಡತಿಯ ಕೈ ಮೇಲೆ. ಕೈ ಆಡುತ್ತಿದ್ದರೆ ಎಲ್ಲ ಸರಿ. ಕೈ ನಿಂತರೆ ಎಲ್ಲೋ ಕೆಟ್ಟ ಸದ್ದು ಬರುತ್ತಿದೆ. ಆಗ ಅವರು ಗಿರಾಕಿಗೆ, "ಊಟ ಆದಮ್ಯಾಲೆ ಹೇಳ್ತೀನ್ರಿ," ಎನ್ನುತ್ತಿದ್ದರು. ಊಟಕ್ಕೆ ಶೆಡ್ಡಿನ ಹಿಂದೆ ಎದುರುಬದುರು ಕೂತಾಗ ಬಸಲಿಂಗಮ್ಮ ತುಟಿಯನ್ನು ನಿಧಾನಕ್ಕೆ ಆಡಿಸಿ, ಎಂಥ ಸದ್ದು, ಎಲ್ಲಿಂದ, ಯಾವಾಗ ಏರಿತು ಎಂಬುದನ್ನೆಲ್ಲ ಹೇಳುವರು. ಕೈ ತೊಳೆದು ಬಂದ ಮೇಲೆ ಅಮರೇಶಪ್ಪ ತಾವೇ ವಿಚಾರ ಮಾಡಿದಂತೆ ತೀರ್ಪು ಕೊಡುವರು. ಗಿರಾಕಿಗಳ ಮುಂದೆ ಆಕೆ ಗಂಡನ ಮಾತಿಗೆ 'ಅಲ್ಲ' ಎಂದದ್ದನ್ನು ಯಾರೂ ಕೇಳಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂಬಂತೆ ನಡೆದಿತ್ತು.

ನನಗೆ ತಿಳಿದದ್ದು ನನ್ನ ಬಾಯಿಯ ದೆಸೆಯಿಂದ. ಒಮ್ಮೆ ಅವರು ಕಾರಿನ ಕೆಳಗೆ ಮಲಗಿದ್ದಾಗ ನಾನು ಮೇಲಿನಿಂದ ಬೈದೇ ಬೈದೆ. ಹೇಳಿದ ದಿನಕ್ಕೆ ಗಾಡಿ ಕೊಟ್ಟಿರಲಿಲ್ಲ. ಕೆಳಗಿನಿಂದ ಹೂಂ ಇಲ್ಲ, ಉಹೂಂ ಇಲ್ಲ. ಹೊರಗೆ ಬಂದವರೇ ನಗುನಗುತ್ತ, "ಗಂಗಕ್ಕಾರ, ಯಾವಾಗ ಬಂದ್ರಿ?" ಎಂದು ಕೇಳಿದರು. ನಾನು ದಂಗಾಗಿ ಬಸಲಿಂಗಮ್ಮನ ಮುಖ ನೋಡಿದೆ. ಆಕೆ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಎರಡೂ ಕೈ ಹಿಡಿದುಕೊಂಡರು.

"ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ. ಕಿವುಡ ಮಿಸ್ತ್ರಿ ಕೈಯಾಗ ಯಾರು ಗಾಡಿ ಕೊಡ್ತಾರ್ರಿ? ಈ ಶೆಡ್ ಹೋತಂದ್ರ ಅವರು ಒಂದ ವರ್ಷ ಬದುಕೂದಿಲ್ಲ."

"ಕಿವಿಗೆ ಮಷೀನ್ ಹಾಕಿಸ್ರಿ. ಈಗ ಎಷ್ಟ ಛಲೋ ಬಂದಾವ," ಎಂದೆ ನಾನು.

"ಅದನ್ನ ಹಾಕ್ಕೊಂಡು ನಿಂತ್ರ ಕಿವುಡ ಅಂತ ಬೋರ್ಡ್ ಬರದು ಕೊಳ್ಳಾಗ ಕಟ್ಟಿಕೊಂಡಂಗ ಅಂತಾರ್ರಿ."

ನನಗೆ ಸಿಟ್ಟು ಬಂತು, ಅಯ್ಯೋ ಎಂದೂ ಅನಿಸಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮ ಮನೆಯಲ್ಲಿಯೂ ಹೇಳಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಕಾರು ಹಟ ಹಿಡಿಯಿತು. ಹೊರವರ್ತುಲ ರಸ್ತೆಯಲ್ಲಿ ಓಡಿಸಿದರೆ ಏನೂ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕಾವಿನ ಮುಳ್ಳು ಸರಸರನೆ ಮೇಲೇರಿ ಕೆಂಪು ಗೆರೆಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ನಾಂಪಲ್ಲಿ ಸ್ಟೇಷನ್ನಿನ ಮುಂದೆ ವಾಹನಗಳು ಸಿಕ್ಕಿಕೊಂಡು ನಿಂತಾಗ ಬಾನೆಟ್ಟಿನಿಂದ ಹಬೆ ಎದ್ದಿತು. ಉಬ್ಬಸದ ರೋಗಿ ಪ್ರಹ್ಲಾದರಾಯರು ಪಕ್ಕದಲ್ಲಿ. ಎಸಿ ಆರಿಸಿ, ಕಿಟಕಿ ಇಳಿಸಿ, ಆ ಹೊಗೆಯಲ್ಲಿ ಅವರು ಏದುಸಿರು ಬಿಡುವುದನ್ನು ನೋಡುತ್ತ ಕೂತಿದ್ದೆ. ಮರುದಿನ ಬೆಳಿಗ್ಗೆಯೇ ಜೀಡಿಮೆಟ್ಲಾಕ್ಕೆ ಹೊರಟೆ.

ಶೆಡ್ಡಿನಲ್ಲಿ ಅವತ್ತು ಮನೋಜ ಇದ್ದ. ಬೀದರಿನ ಕಡೆಯ ಹುಡುಗ, ಈಗ ಹೊಟ್ಟೆ ಬಂದಿದೆ. ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆತರುವ ವ್ಯಾನುಗಳನ್ನು ಇಟ್ಟಿದ್ದಾನೆ. ಅವಷ್ಟೂ ಅಮರೇಶಪ್ಪನ ಕೈಯಲ್ಲೇ ರಿಪೇರಿ. ಶೆಡ್ಡು ನಿಂತಿದ್ದೇ ಆ ವ್ಯಾನುಗಳ ಮೇಲೆ. ಅವನು ಕುರ್ಚಿಯಲ್ಲಿ ಕೂರದೆ, ಕೈಕಟ್ಟಿ ನಿಂತು ಮಿಸ್ತ್ರಿಯನ್ನೇ ನೋಡುತ್ತಿದ್ದ. ಯಾರೋ ಅವನ ಕಿವಿ ಊದಿದ್ದಾರೆ ಎಂದು ನನಗೆ ಅನುಮಾನ ಬಂತು. ಬಸಲಿಂಗಮ್ಮ ಮೆಂತೆ ಸೊಪ್ಪು ಸೋಸುತ್ತಿದ್ದರು. ನನ್ನನ್ನು ನೋಡಿ ನಕ್ಕರು, ಆದರೆ ಕಣ್ಣಿನಲ್ಲಿ ನಗೆ ಇರಲಿಲ್ಲ.

ನಾನು ಅಮರೇಶಪ್ಪನ ಎದುರು ನಿಂತು, ಬಾಯಿ ಅಗಲಿಸಿ, ಕಾರಿನ ಕಥೆ ಹೇಳಿದೆ.

"ಓಡೂ ಮುಂದ ಸುಮ್ಮನಿರತೈತಿ, ನಿಂತಾಗ ಕಾಯತೈತಿ. ಅಷ್ಟ ಅಲ್ರೀ?" ಎಂದರು. "ಓಡೂ ಗಾಡಿಗೆ ಗಾಳಿ ತಾನ ಬಂದು ರೇಡಿಯೇಟರ್ ತಣ್ಣಗ ಮಾಡತೈತಿ. ನಿಂತ ಗಾಡಿಗೆ ಫ್ಯಾನ್ ಗಾಳಿ ಹಾಕಬೇಕು. ಫ್ಯಾನ್ ನೋಡೂಣು, ನೀರು ನೋಡೂಣು, ಪಂಪ್ ನೋಡೂಣು."

ನೀರು ತುಂಬಿತ್ತು. ಸೋರಿಕೆ ಇರಲಿಲ್ಲ. ಕಾರು ನಿಂತಲ್ಲೇ ಚಾಲೂ ಮಾಡಿ, ಎಸಿ ಹಾಕಿ, ಸ್ಕ್ರೂಡ್ರೈವರನ್ನು ನೀರಿನ ಪಂಪಿಗೆ ಒತ್ತಿ ಎಲುಬಿಗೆ ಆನಿಸಿಕೊಂಡರು. ಪಂಪ್ ಸರಿ ಇದೆ ಎಂದರು. ಮುಳ್ಳು ಏರತೊಡಗಿತು. ಫ್ಯಾನು ತಿರುಗಲು ಶುರುವಾಯಿತು. ಅವರು ಬಗ್ಗಿ ಕಣ್ಣಿನಿಂದ ನೋಡಿ ತಲೆ ಆಡಿಸಿದರು.

ನನ್ನ ಕಾರಿನ ಫ್ಯಾನಿಗೆ ಎರಡು ವೇಗ. ಕಾವು ಕಡಿಮೆಯಿದ್ದಾಗ ಮೆಲ್ಲಗೆ ತಿರುಗುತ್ತದೆ, ಹೆಚ್ಚಾದರೆ ರಿಲೇ ಎಂಬ ಇನ್ನೊಂದು ಸ್ವಿಚ್ಚು ಹತ್ತಿ ಹೂಂಕರಿಸಿಕೊಂಡು ಜೋರಾಗಬೇಕು. ನೋಡುವ ಕಣ್ಣಿಗೆ ಎರಡೂ ಒಂದೇ, ರೆಕ್ಕೆ ಕಾಣದ ಚಕ್ರ. ಕಿವಿಗೆ ಮಾತ್ರ ಬೇರೆ. ಮುಳ್ಳು ಕೆಂಪಿನ ಹತ್ತಿರ ಹೋದರೂ ಆ ಹೂಂಕಾರ ಬರಲಿಲ್ಲ. ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ನೋಡಿದ್ದು ಇಷ್ಟೇ, ಬಸಲಿಂಗಮ್ಮನ ಕೈ ನಿಂತಿತ್ತು.

ಅಮರೇಶಪ್ಪ ಅತ್ತ ನೋಡಲು ತಲೆಯೆತ್ತಿದರು. ಅಷ್ಟರಲ್ಲಿ ಮನೋಜ ಎರಡು ಹೆಜ್ಜೆ ಮುಂದೆ ಬಂದು ಗಂಡ ಹೆಂಡಿರ ನಡುವೆ ಗೋಡೆಯಂತೆ ನಿಂತುಕೊಂಡ. ಬೇಕೆಂದೇ ನಿಂತನೋ ಏನೋ ಇವತ್ತಿಗೂ ನಾನು ಅವನನ್ನು ಕೇಳಿಲ್ಲ.

"ಊಟ ಆದಮ್ಯಾಲೆ ಹೇಳ್ತೀನ್ರಿ ಅಕ್ಕಾರ," ಎಂದರು ಅಮರೇಶಪ್ಪ.

"ಆಗ್ಲಿ, ನನಗೇನ್ ಅವಸರ ಅದ?" ಎಂದೆ. ಮೂರು ಗಂಟೆಗೆ ಯಜಮಾನರನ್ನು ಡಾಕ್ಟರ್ ಹತ್ತಿರ ಕರೆದೊಯ್ಯಬೇಕಿತ್ತು. ಆದರೂ ಅಂದೆ.

ಮನೋಜ ಬಿಡಲಿಲ್ಲ. "ಊಟದ ತನಕ ಯಾಕ ಮಾಮಾ? ಎಂಜಿನ್ ಈಗ ಚಾಲೂ ಐತಿ, ಬ್ಯಾನಿ ಈಗ ಕಾಣಾಕತ್ತೈತಿ. ಈಗ ಹೇಳ್ರಿ. ನನ್ನ ಗಾಡಿಗೂ ಹಿಂಗ ಊಟದ ತನಕ ಕಾಯಸ್ತೀರಿ."

ಅವನ ತುಟಿ ನೋಡುತ್ತಿದ್ದ ಅಮರೇಶಪ್ಪನ ಮುಖ ಕೆಂಪಾಯಿತು. ಪಕ್ಕಕ್ಕೆ ಸರಿದು ಹೆಂಡತಿಯತ್ತ ನೋಡಬಹುದಿತ್ತು. ನೋಡಲಿಲ್ಲ. ಮನೋಜನ ಮುಂದೆ ಹಾಗೆ ನೋಡುವುದೆಂದರೆ ಎಲ್ಲ ಒಪ್ಪಿಕೊಂಡಂತೆ.

"ಫ್ಯಾನ್ ಸರಿ ಐತಿ. ನೀರಿನ ದಾರಿ ತೆಗಿಯೂ ವಾಲ್ವ್ ಹಿಡಕೊಂಡೈತಿ," ಎಂದರು. "ಈಗ ಬಿಚ್ಚಿ ತೋರಸ್ತೀನಿ ನೋಡು." ಸಿಟ್ಟಿನಲ್ಲಿ ಮುಳ್ಳನ್ನೂ ನೋಡದೆ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು, ಒದ್ದೆ ಬಟ್ಟೆ ಎತ್ತಿಕೊಂಡರು.

ಎಂಜಿನ್ ಆರಿದ ಮೇಲೂ ಒಳಗೆ ನೀರು ಗುಳುಗುಳು ಕುದಿಯುತ್ತಿತ್ತು. ಆ ಸದ್ದು ನಿಲ್ಲುವ ತನಕ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಚ್ಚಬೇಡಿ ಎಂದು ನನಗೆ ಕಲಿಸಿದವರೇ ಅವರು. ಅವರ ಪಾಲಿಗೆ ಎಲ್ಲ ಶಾಂತವಾಗಿತ್ತು.

"ನಿಲ್ರಿ," ಎಂದರು ಬಸಲಿಂಗಮ್ಮ.

ಅಮರೇಶಪ್ಪ ಬಟ್ಟೆಯನ್ನು ಮುಚ್ಚಳದ ಮೇಲೆ ಹಾಕಿದರು.

"ನಿಲ್ರೀ, ನೀರು ಕುದಿಯಾಕತ್ತೈತಿ, ತೆಗೀಬ್ಯಾಡ್ರಿ. ಫ್ಯಾನಿನ ಜೋರು ಬಂದಿಲ್ಲ, ವಾಲ್ವ್ ಅಲ್ಲ ಅದು, ಫ್ಯಾನು!"

ಆ ಹೆಂಗಸಿನ ಗಂಟಲಿನಲ್ಲಿ ಅಂಥ ದನಿ ಇದೆಯೆಂದು ಯಾರಿಗೆ ಗೊತ್ತಿತ್ತು? ಎದುರಿನ ವೆಲ್ಡಿಂಗ್ ಶೆಡ್ಡಿನವರು ಕೆಲಸ ಬಿಟ್ಟು ಎದ್ದರು. ಚಹಾದ ಬಂಡಿಯವನು ಇತ್ತ ಓಡಿ ಬಂದ. ಮನೋಜ ಬೆಚ್ಚಿ ತಿರುಗಿದ. ಜನ್ಮದಲ್ಲಿ ಮೊದಲ ಸಲ ಗಿರಾಕಿಗಳ ಮುಂದೆ ಗಂಡನ ಮಾತಿಗೆ 'ಅಲ್ಲ' ಎಂದಿದ್ದರು ಆಕೆ. ಅದನ್ನು ಕೇಳದವರು ಅಲ್ಲಿ ಒಬ್ಬರೇ. ಅವರು ಮುಚ್ಚಳ ತಿರುಗಿಸುತ್ತಿದ್ದರು.

ನಾನು ಕಾರಿನ ಆಚೆ ಬದಿಗಿದ್ದೆ. ಬಸಲಿಂಗಮ್ಮ ಸೊಪ್ಪು ಚೆಲ್ಲಿ ಓಡಿಬಂದು ಗಂಡನ ಕೈಯನ್ನು ಕಿತ್ತು ಎಳೆದರು. ಗಂಡನ ಕೈ ಹೊರಬಂತು, ಆಕೆಯ ಕೈ ಅಲ್ಲೇ ಉಳಿಯಿತು. ಮುಚ್ಚಳ ಹಾರಿ ಕುದಿನೀರು, ಹಬೆ ಎಲ್ಲ ಆಕೆಯ ಮುಂಗೈಯಿಂದ ಮೊಣಕೈಯ ತನಕ ಬಿತ್ತು.

ನಲ್ಲಿಯ ಕೆಳಗೆ ಕೈ ಹಿಡಿಸಿದೆವು. ನೀರು ಬೀಳುತ್ತಲೇ ಇತ್ತು, ಆಕೆ ಹಲ್ಲು ಕಚ್ಚಿಕೊಂಡಿದ್ದರು. ಜೋರಾಗಿ ಕರೆದರೆ ಇನ್ನೂ ಕೇಳಿಸುತ್ತದೆ ಎಂದೇ ನಂಬಿದ್ದ ಅಮರೇಶಪ್ಪ ಆಕೆಯ ಮುಂದೆ ಬಂದು ನಿಂತರು.

"ಯಾಕ ಓಡಿ ಬಂದಿ? ಒಂದ ಮಾತು ಕರದಿದ್ರ ನಾ ನಿಲ್ತಿದ್ದಿಲ್ಲೇನ? ಯಾಕ ಕರೀಲಿಲ್ಲ?"

ಬಸಲಿಂಗಮ್ಮ ಒಮ್ಮೆ ಮನೋಜನ ಕಡೆ ನೋಡಿದರು. ಆಮೇಲೆ ಗಂಡನಿಗೆ ಕಾಣುವಂತೆ ಮುಖ ತಿರುಗಿಸಿ, "ಗಾಬರಿಯಾಗಿ ಬಾಯೇ ಬರಲಿಲ್ಲರಿ. ಕರೀಲಿಲ್ಲ. ನಂದ ತಪ್ಪಾತು," ಎಂದರು.

ಸುಟ್ಟ ಕೈ ಇಟ್ಟುಕೊಂಡು ಇನ್ನೂ ಗಂಡನ ಮರ್ಯಾದೆ ಕಾಯುತ್ತಿದ್ದಾಳಲ್ಲ ಈ ಪುಣ್ಯಾತ್ಗಿತ್ತಿ. ಮನೋಜ ನೆಲ ನೋಡುತ್ತಿದ್ದ.

ಅಮರೇಶಪ್ಪ ಮಾತ್ರ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿ ವೆಲ್ಡಿಂಗ್ ಶೆಡ್ಡಿನವರು ಕಣ್ಣಿನ ಕನ್ನಡಕ ಹಣೆಗೇರಿಸಿ ನಿಂತಿದ್ದರು. ಚಹಾದವನು ನಿಂತಿದ್ದ. ರಸ್ತೆಯ ಆಚೆಗಿನ ಟೈರಿನ ಅಂಗಡಿಯವನೂ ಬಂದಿದ್ದ. ಯಾರೂ ಕರೆಯದಿದ್ದರೆ ಇವರೆಲ್ಲ ಯಾಕೆ ಓಡಿ ಬಂದರು? ಆ ಪ್ರಶ್ನೆ ಅವರ ಮುಖದ ಮೇಲೆ ಬಂದು, ಅಲ್ಲೇ ಉತ್ತರವೂ ಆದದ್ದನ್ನು ನಾನು ನೋಡಿದೆ. ಕೈ ಚಾಚಿ ನಲ್ಲಿ ನಿಲ್ಲಿಸಿದರು.

ಮನೋಜ ತನ್ನ ವ್ಯಾನಿನಲ್ಲಿ ನಮ್ಮನ್ನೆಲ್ಲ ಹತ್ತಿರದ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಮುಖಕ್ಕೆ ಮಾಸ್ಕ್. ತೋಳಿನ ಗುಳ್ಳೆಗಳನ್ನು ನೋಡಿ, ಇದು ಹೇಗಾಯಿತು ಎಂದು ತೆಲುಗಿನಲ್ಲಿ ಕೇಳಿದಳು. ಬಸಲಿಂಗಮ್ಮ ತೆಲುಗಿನಲ್ಲೇ, ಅನ್ನದ ಗಂಜಿ ಬಸಿಯುವಾಗ ಪಾತ್ರೆ ಜಾರಿತು ಎಂದರು. ಮನೋಜ ಪರದೆಯ ಹತ್ತಿರವೇ ಇದ್ದ.

ಅಮರೇಶಪ್ಪ ಹೆಂಡತಿಯ ತುಟಿ ನೋಡುತ್ತಿದ್ದರು.

"ಸುಳ್ಳ ಹೇಳಬ್ಯಾಡ," ಎಂದರು. ತಮ್ಮ ದನಿ ಎಷ್ಟು ಎತ್ತರ ಹೋಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಹೊರಗಿನ ಬೆಂಚಿನಲ್ಲಿ ಕೂತ ರೋಗಿಗಳೆಲ್ಲ ಒಳಗೆ ಇಣುಕಿದರು. "ಖರೇ ಹೇಳು ಅವರಿಗೆ. ನನ್ನ ಗಂಡಗ ಕಿವಿ ಕೇಳಸೂದಿಲ್ಲ, ನಾ ಒದರಿದ್ದು ಅವಗ ಕೇಳಸ್ಲಿಲ್ಲ, ಅದಕ್ಕ ಸುಟ್ಟಿತು ಅಂತ ಹೇಳು."

ಬಸಲಿಂಗಮ್ಮ ಮನೋಜನನ್ನು ನೋಡಿದರು, ನನ್ನನ್ನು ನೋಡಿದರು. ನಲ್ಲಿಯ ಕೆಳಗೂ ಅಳದವರ ಕಣ್ಣಲ್ಲಿ ಈಗ ನೀರು ಇಳಿಯಿತು. ಡಾಕ್ಟರ ಕಡೆ ತಿರುಗಿ ತೆಲುಗಿನಲ್ಲಿ ಒಂದೊಂದೇ ಮಾತು ಹೇಳತೊಡಗಿದರು. ಆಕೆ ಏನನ್ನೂ ಬಿಡದೆ ಹೇಳುತ್ತಾಳೋ ಇಲ್ಲವೋ ಎಂದು ಅಮರೇಶಪ್ಪ ಆ ತುಟಿಗಳನ್ನೇ ನೋಡುತ್ತ ನಿಂತಿದ್ದರು.